ವನಜಾಕ್ಷಿಯ ದಿಗ್ಬಂಧನ

ಮಧುಗಿರಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುವವನು ನಾನು, ರೇಣುಕಪ್ರಸಾದ್. ಕ್ರಯಪತ್ರ, ದಾನಪತ್ರ ಬರೆದು ಬರೆದು ನನ್ನ ಕನ್ನಡಕ್ಕೆ 'ಸದರಿ', 'ಮೇಲ್ಕಂಡ' ಎಂಬ ತುಕ್ಕು ಹಿಡಿದಿದೆ. ಆದರೂ ವನಜಾಕ್ಷಿಯ ಕತೆಯನ್ನು ನಾನೇ ಬರೆಯಬೇಕು. ಏಕೆಂದರೆ ಊರಿನಲ್ಲಿ ಅವಳ ಬಗ್ಗೆ ಹೇಳುವವರೆಲ್ಲ ಅರ್ಧಂಬರ್ಧ ಹೇಳುತ್ತಾರೆ, ಕೇಳಿದರೆ ನನಗೆ ಮೈ ಉರಿಯುತ್ತದೆ. "ಸರ್ವೆ ಮೇಡಮ್ಮು ಭಾನ್ವಾರ ದಾಳ ಆಡ್ತಾರಂತೆ" ಎಂದು ಮೊನ್ನೆ ಟೀ ಅಂಗಡಿಯಲ್ಲಿ ಒಬ್ಬ ಮೂಗು ಮುರಿದ. ಅವಳು ಆಡುವುದಿಲ್ಲ ಸ್ವಾಮಿ, ಆಡಿಸುತ್ತಾಳೆ!

ಆಟ ಇಷ್ಟೇ. ಮೇಜಿನ ಮೇಲೆ ಚೌಕ ಚೌಕ ಗೆರೆ ಎಳೆದ ಒಂದು ನಕ್ಷೆ. ಅದರ ಮೇಲೆ ಹುಣಸೆಬೀಜ, ಅಂಗಿಯ ಗುಂಡಿ, ಸೋಡಾ ಬಾಟಲಿಯ ಮುಚ್ಚಳ. ನಮಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ನಮ್ಮ ಪಾತ್ರ ಈಗ ಏನು ಮಾಡುತ್ತದೆ ಎಂದು ನಾವು ಬಾಯಲ್ಲಿ ಹೇಳಬೇಕು, ಅದು ನಡೆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಉಳಿದ ಕಾಡು, ಕೋಟೆ, ರಕ್ಕಸರು, ಅವರ ಕೋಪ, ಅವರ ಗೊರಕೆ ಎಲ್ಲವೂ ವನಜಾಕ್ಷಿಯ ಬಾಯಿಂದ ಬರಬೇಕು. ಸರ್ವೆ ತರಬೇತಿಗೆ ಹೋದಾಗ ಹಾಸ್ಟೆಲಿನ ಗೆಳತಿಯರಿಂದ ಅವಳು ಇಂಥ ಆಟ ಕಲಿತಳು. ಅವರ ಇಂಗ್ಲಿಷ್ ಪುಸ್ತಕದ ಹಿಮ, ಡ್ರ್ಯಾಗನ್ನು ಅವಳಿಗೆ ಒಗ್ಗಲಿಲ್ಲ. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತು, ನಮ್ಮ ಏಕಶಿಲಾ ಬೆಟ್ಟದ ಕೆಳಗೆ ಕಲ್ಲರಸನೆಂಬ ರಾಜ ಮಲಗಿದ್ದಾನೆಂದು ಕಲ್ಪಿಸಿ, ತನ್ನದೇ ಆಟವನ್ನು ಕನ್ನಡದಲ್ಲಿ ಕಟ್ಟಿದಳು. ನಕ್ಷೆಯಂತೂ ಕೇಳಬೇಡಿ, ಒಂದು ಗೆರೆ ಆಚೀಚೆ ಇಲ್ಲ. ದಿನವಿಡೀ ಜನರ ಹೊಲಗಳನ್ನು ಅಳೆದು ಹದ್ದುಬಸ್ತು ಮಾಡುವ ಸರ್ವೇಯರ್ ಕೈ ಅದು.

ಅವಳ ಅಪ್ಪ ದೊಡ್ಡಹನುಮಯ್ಯ ಕೊಡಿಗೇನಹಳ್ಳಿ ಕಡೆಯ ಹಾರ್ಮೋನಿಯಂ ಮೇಷ್ಟ್ರು. ಸುತ್ತಲ ಹಳ್ಳಿಗಳಿಗೆ ಪೌರಾಣಿಕ ನಾಟಕ ಕಲಿಸಿದವರು. ವನಜಾಕ್ಷಿ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲೇ ತೂಕಡಿಸಿ ಬೆಳೆದ ಹುಡುಗಿ. ನಾನು ಆಗಿನಿಂದ ನೋಡಿದವನು, ಅದಕ್ಕೇ ಈ ಏಕವಚನ. ಯಾವ ಪಾತ್ರಧಾರಿಗೆ ಎಷ್ಟು ಕಂದಪದ್ಯ, ಯಾರ ಸೀನು ಉದ್ದವಾದರೆ ಯಾರು ಮುನಿಸಿಕೊಳ್ಳುತ್ತಾರೆ ಎಂಬುದು ಅವಳಿಗೆ ಎರಡರ ಮಗ್ಗಿಗಿಂತ ಮೊದಲು ಬಂದಿತ್ತು.

ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾವು ಮೂವರು ಹಾಜರು. ನನ್ನದು ಬಿಲ್ಲುಗಾರ. ಕೊರಟಗೆರೆಯಲ್ಲಿ ನರ್ಸ್ ಆಗಿರುವ ಚೈತ್ರಳದು ಮಂತ್ರವಾದಿನಿ. ಹಿಂದೂಪುರದ ಲೈನಿನಲ್ಲಿ ಬಸ್ ಓಡಿಸುವ ಭೀಮರಾಜುವಿನದು ಗದೆ ಹಿಡಿದ ಬಂಟ. ಐದು ವರ್ಷ ಆಡಿದೆವು. ಐದು ವರ್ಷ! ಕಲ್ಲರಸನ ಕೋಟೆಯ ಬಾಗಿಲಿಗೆ ಬಂದು ನಿಂತೆವು. ಇನ್ನು ಉಳಿದದ್ದು ಕೊನೆಯ ಕಾಳಗ ಒಂದೇ. ಅಷ್ಟರಲ್ಲಿ ಎಲ್ಲ ಕೆಟ್ಟಿತು.

ಕೆಡಿಸಿದ್ದು ದಿಗ್ಬಂಧನ. ಮೂರು ವರ್ಷ ಪಟ್ಟು ಹಿಡಿದು ಆಡಿ ಚೈತ್ರ ಗಳಿಸಿದ ಮಂತ್ರ ಅದು. ನಕ್ಷೆಯ ಒಂಬತ್ತು ಚೌಕಗಳ ಮೇಲೆ ಹಾಕಿದರೆ ಒಳಗಿದ್ದವರು ಮೂರು ಸುತ್ತು ಅಲ್ಲಾಡುವಂತಿಲ್ಲ. ಆಮೇಲೆ ಒಳಗೆ ಕಾಲಿಟ್ಟವನೂ ಕಂಬವೇ. ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ನಾಟಕದ ಮನೆಯಿಂದ ಬಂದ ವನಜಾಕ್ಷಿ ಬೇರೆ ಯಾರೂ ಮಾಡದ ಒಂದು ತಪ್ಪು ಮಾಡಿದ್ದಳು. ನಾಟಕದಲ್ಲಿ ಹಾಡು ಚೆನ್ನಾಗಿದ್ದರೆ ಜನ 'ಒನ್ಸ್ ಮೋರ್' ಎಂದು ಕೂಗುತ್ತಾರೆ, ಪಾತ್ರಧಾರಿ ಮತ್ತೆ ಹಾಡಬೇಕು. ನಮ್ಮ ಆಟದಲ್ಲೂ ಅದೇ ನಿಯಮ. ಮೇಜಿನಲ್ಲಿದ್ದವರೆಲ್ಲ ಒಟ್ಟಿಗೆ 'ಒನ್ಸ್ ಮೋರ್' ಎಂದರೆ ಆ ಕೆಲಸ ಪುಕ್ಕಟೆಯಾಗಿ ಇನ್ನೊಮ್ಮೆ ನಡೆಯುತ್ತದೆ. ದಿಗ್ಬಂಧನಕ್ಕೆ ಒನ್ಸ್ ಮೋರ್ ಎಂದರೆ ಮೂರು ಸುತ್ತು ಆರಾಯಿತು!

ಆ ಭಾನುವಾರ, ಕೋಟೆಗೆ ಅಡ್ಡ ನಿಂತಿದ್ದ ಹೊಳೆಯ ರಕ್ಕಸನನ್ನು ಹಾಗೇ ಕೊಂದೆವು. ಅವನು ಬಾಯಿ ತೆರೆಯುವ ಮೊದಲೇ ಚೈತ್ರ ಕಟ್ಟಿದಳು, ನಾವು ಕೂಗಿದೆವು, ನಾನು ದೂರದಿಂದ ಬಾಣ ಬಿಟ್ಟು ಬಿಟ್ಟು ಮುಗಿಸಿದೆ. ನನಗೇನೋ ಖುಷಿಯೇ ಆಗಿತ್ತು, ಸುಳ್ಳೇಕೆ ಹೇಳಲಿ. ಭೀಮರಾಜು ಮಾತ್ರ ಆರು ಸುತ್ತೂ "ನಿಂತಿದೀನಿ", "ನಿಂತಿದೀನಿ" ಎಂದಷ್ಟೇ ಹೇಳಿದ. ಬಂಟ ಆ ಚೌಕಗಳ ಒಳಗೆ ಹೋದರೆ ಅವನೂ ಕಂಬ, ಹೊರಗಿದ್ದರೆ ಗದೆ ಮುಟ್ಟುವುದಿಲ್ಲ. ಆಟ ಮುಗಿದ ಮೇಲೆ ಅವನು ತನ್ನ ಪಾತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟ.

"ನಾ ಇನ್ ಬರಾಕಿಲ್ಲ ಕಣಮ್ಮ. ನಿಂತ್ಕಳಕ್ಕೆ ಇಲ್ಲೀಗಂಟ ಬರ್ಬೇಕಾ? ಬಸ್ ಸ್ಟ್ಯಾಂಡ್ನಾಗೇ ನಿಂತಿರ್ತೀನಿ ಬುಡು."

ಅವನು ಬಿಟ್ಟರೆ ಆಟ ಮುಗಿದ ಹಾಗೆಯೇ. ಬಂಟನಿಲ್ಲದೆ ಕೋಟೆ ಹತ್ತಲಾಗದು, ಅದಕ್ಕಿಂತ ಹೆಚ್ಚಾಗಿ ಅವನಿಲ್ಲದ ಭಾನುವಾರ ನಮಗ್ಯಾರಿಗೂ ಬೇಡ. ಬುಧವಾರ ಸಂಜೆ ವನಜಾಕ್ಷಿ ನನ್ನ ಅಂಗಡಿಗೆ ಬಂದು, ಕ್ರಯಪತ್ರಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಹುಣಸೆಬೀಜ ಹರಡಿದಳು. ಒಂಬತ್ತು ಚೌಕವನ್ನು ನಾಲ್ಕು ಮಾಡಿ ನೋಡಿದಳು. ಬಂಟ ಆಗಲೂ ಹೊರಗೇ. ಒಂದೇ ಸುತ್ತು ಮಾಡಿ ನೋಡಿದಳು. ಮಂತ್ರ ಇದ್ದೂ ಇಲ್ಲದಂತಾಯಿತು. ಕಲ್ಲರಸನಿಗೆ ದಿಗ್ಬಂಧನ ತಗುಲುವುದೇ ಇಲ್ಲ ಎಂದುಬಿಡೋಣವೇ ಎಂದು ಚೈತ್ರಳಿಗೆ ಫೋನ್ ಮಾಡಿದಳು.

"ಅಕ್ಕಾ, ಮೂರ್ ವರ್ಷ ಕಷ್ಟಪಟ್ಟು ತಗಂಡಿದ್ ಮಂತ್ರ. ಕೊನೇ ದಿನ ಅದು ನಡೆಯಲ್ಲ ಅಂದ್ರೆ ನಾನ್ಯಾಕೆ ಬರ್ಲಿ?" ಎಂದಳು ಚೈತ್ರ. ಅವಳು ಹೇಳಿದ್ದೂ ನ್ಯಾಯವೇ.

"ನೋಡಣ್ಣ, ಇಟ್ಕಂಡ್ರೆ ಭೀಮಣ್ಣ ಹೋಗ್ತಾನೆ, ತೆಗುದ್ರೆ ಚೈತ್ರ ಹೋಗ್ತಾಳೆ" ಎಂದು ವನಜಾಕ್ಷಿ ತಲೆ ಮೇಲೆ ಕೈ ಹೊತ್ತು ಕೂತಳು. "ಹೊಲದ ಜಗಳ ಆಗಿದ್ರೆ ಮಧ್ಯದಾಗೆ ಕಲ್ಲು ನೆಟ್ಬುಟ್ಟು ಬರ್ತಿದ್ದೆ."

ಶನಿವಾರ ಮಧ್ಯಾಹ್ನ ಅವಳು ಕೊಡಿಗೇನಹಳ್ಳಿಗೆ ಹೊರಟಳು, ನಾನೂ ಜೊತೆಗೆ ಹೋದೆ. ದೊಡ್ಡಹನುಮಯ್ಯ ಮೇಷ್ಟ್ರು ಬೇವಿನ ಮರದಡಿ ಹೊಸ ನಾಟಕದ ಪ್ರಾಕ್ಟೀಸ್ ನಡೆಸುತ್ತಿದ್ದರು. ರಾಜನ ಪಾತ್ರದವನು ಕಣ್ಣು ಮುಚ್ಚಿ ಆಲಾಪ ಎಳೆಯುತ್ತಿದ್ದ. ಉಳಿದವರು ಸುಮ್ಮನೆ ನಿಂತಿದ್ದರು. ವನಜಾಕ್ಷಿ ಅದನ್ನೇ ದಿಟ್ಟಿಸಿ ನೋಡಿದಳು.

"ಅಪ್ಪಾ, ಒಬ್ಬ ಹಾಡ್ವಾಗ ಮಿಕ್ಕಿದೋರು ಎಷ್ಟೊತ್ತು ನಿಂತಿರ್ಬೇಕು?"

"ಹಾಡೋನ ಉಸಿರು ಇರೋಗಂಟ. ಉಸಿರು ಕಡೀತಾ, ಸೀನು ಕೈ ಬುಡ್ತು."

ವನಜಾಕ್ಷಿ ಎದ್ದು ನಿಂತೇಬಿಟ್ಟಳು! ದಿಗ್ಬಂಧನಕ್ಕೆ ಮೂರು ಸುತ್ತಿನ ಲೆಕ್ಕವೇ ಬೇಡ. ಹಾಕಿದವಳು ಉಸಿರು ಹಿಡಿದು ಹಾಡುತ್ತಿರುವವರೆಗೆ ಅದು ಇರಲಿ. ಆದರೆ ಹಾಡುವಾಗ ಬೇರೇನೂ ಮಾಡುವಂತಿಲ್ಲ, ಯಾರಾದರೂ ಕೆಣಕಿದರೆ ದಾಳ ಹಾಕಿ ಉಸಿರು ಉಳಿಸಿಕೊಳ್ಳಬೇಕು. ನಾನು ತೊಡೆ ತಟ್ಟಿದೆ. ಅವಳ ಮುಖದಲ್ಲಿ ಮಾತ್ರ ಇನ್ನೂ ಪೂರ್ತಿ ಗೆಲುವಿರಲಿಲ್ಲ.

"ಮತ್ತೆ ನಿಂತೋನು? ಅವನೇನ್ ಮಾಡ್ಬೇಕಪ್ಪಾ?"

"ನಿಂತೋನು ನಿಂತಿರ್ತಾನೆ. ಏನ್ ಮಾಡ್ತಾನೆ?"

"ನಮ್ ಭೀಮಣ್ಣ ನಿಂತೂ ನಿಂತೂ ಆಟನೇ ಬುಟ್ಟು ಹೊಂಟೋದ."

ಮೇಷ್ಟ್ರ ಬೆರಳು ಹಾರ್ಮೋನಿಯಂ ಮೇಲೇ ನಿಂತಿತು. "ಯಾವ ಭೀಮ? ಸೇನಾಪತಿ ಭೀಮನಾ?"

ನನಗೂ ಆಗಲೇ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರ ನಾಟಕದಲ್ಲಿ ಭೀಮರಾಜು ಸೇನಾಪತಿಯಾಗಿದ್ದ. ಇಡೀ ಸಭೆಯ ಸೀನಿನಲ್ಲಿ ಗದೆ ಹೊತ್ತು ನಿಲ್ಲುವ ಪಾತ್ರ. ಎರಡು ಗಂಟೆಗೆ ಒಂದೇ ಮಾತು, "ಅಪ್ಪಣೆ ಮಹಾಪ್ರಭು". ಅವನಿಗೆ ಒಳ್ಳೆಯ ಕಂಠವಿತ್ತು, ಒಂದು ಕಂದಪದ್ಯ ಕೊಡಿ ಎಂದು ಮೇಷ್ಟ್ರನ್ನು ಕೇಳಿಕೊಂಡಿದ್ದ. ರಾಜನ ಪಾತ್ರದವನು ಒಪ್ಪಲಿಲ್ಲ, ಮೇಷ್ಟ್ರು ಸುಮ್ಮನಾದರು. ಅದಾದ ಮೇಲೆ ಅವನು ಬಣ್ಣ ಹಚ್ಚಲಿಲ್ಲ.

"ನಾಳೀಕೆ ನಾನೂ ಬತ್ತೀನಿ" ಎಂದಷ್ಟೇ ಅಂದರು ಮೇಷ್ಟ್ರು.

ಭಾನುವಾರ ಬೆಳಿಗ್ಗೆ ವನಜಾಕ್ಷಿ ಬಸ್ ನಿಲ್ದಾಣಕ್ಕೇ ಹೋಗಿ, ಇದೊಂದು ಭಾನುವಾರ ಬಾ ಭೀಮಣ್ಣ ಎಂದು ಅವನನ್ನು ಕರೆತಂದಳು. ಬಂದವನು ಗಾಡಿಯ ಕೀಲಿಯನ್ನು ಬೆರಳಲ್ಲೇ ತಿರುಗಿಸುತ್ತ ಕೂತ. ಮೂಲೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದ ಮೇಷ್ಟ್ರಿಗೆ ಕೈ ಮುಗಿದ. ವನಜಾಕ್ಷಿ ಹೊಸ ನಿಯಮಗಳನ್ನು ಓದಿದಳು. ಉಸಿರಿನ ನಿಯಮ, ದಾಳ ಹನ್ನೊಂದಕ್ಕಿಂತ ಕಡಿಮೆ ಬಿದ್ದರೆ ಉಸಿರು ಕಡಿದಂತೆ. ಕಟ್ಟಿಸಿಕೊಂಡವನ ಕಾಲು ಮಾತ್ರ ಕಟ್ಟು, ಕೈ ಬಾಯಿ ಬಿಡುವು, ಕಟ್ಟಿದವರನ್ನು ಕೆಣಕಬಲ್ಲವನೂ ಅವನೊಬ್ಬನೇ. ಒನ್ಸ್ ಮೋರ್ ಇನ್ನು ಮೇಲೆ ಕಟ್ಟಿದವರಿಗಲ್ಲ, ಕಟ್ಟಿಸಿಕೊಂಡವರಿಗೆ. ಭೀಮರಾಜು ಕೇಳಿಸಿಕೊಂಡನೋ ಇಲ್ಲವೋ, ಫೋನು ನೋಡುತ್ತಿದ್ದ.

ಕಲ್ಲರಸ ಎದ್ದ! ಕಿಟಕಿಯಾಚೆ ನಿಜವಾದ ಬೆಟ್ಟ, ಮೇಜಿನ ಮೇಲೆ ಅದೇ ಬೆಟ್ಟದ ನಕ್ಷೆ. ನಾವು ಕೋಟೆಯ ಬಾಗಿಲು ಮುರಿದು ನುಗ್ಗಿದೆವು. ಕಲ್ಲರಸನ ಮೊದಲ ಸುತ್ತು. ವನಜಾಕ್ಷಿ, "ಕಲ್ಲರಸ ಬಂಟನ ಮೇಲೆ ದಿಗ್ಬಂಧನ ಹಾಕ್ತಾನೆ" ಎಂದಳು.

ಆ ಮಂತ್ರವನ್ನು ಅವಳು ಕಲ್ಲರಸನಿಗೂ ಕೊಟ್ಟಿದ್ದಳು. ಯಾರನ್ನು ಉಳಿಸಿಕೊಳ್ಳಬೇಕೋ ಅವನನ್ನೇ ಕಟ್ಟಿದ್ದಾಳೆ! ಭೀಮರಾಜು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟ.

"ಇದಕ್ಕೇ ಕರ್ಕಂಡ್ ಬಂದ್ಯಾ ವನಜಮ್ಮ? ಮತ್ತೆ ನಿಲ್ಸಕ್ಕೆ?"

"ಕಾಲು ಕಟ್ಟಿದೀನಿ ಭೀಮಣ್ಣ. ಬಾಯಿ ಕಟ್ಟಿಲ್ಲ." ಅವಳು ನಿಯಮದ ಹಾಳೆಯನ್ನು ಅವನ ಮುಂದೆ ಸರಿಸಿದಳು. "ನೀನು ಹಾಡಿದ್ರೆ ಅವನು ಉಸಿರು ಉಳಿಸ್ಕಳಕ್ಕೆ ದಾಳ ಹಾಕ್ಬೇಕು. ನಿಂಗಲ್ದೆ ಇಲ್ಲಿ ಯಾರ್ಗೂ ಇವಾಗ ಅವನ್ನ ಅಲ್ಲಾಡ್ಸಕ್ಕೆ ಆಗಲ್ಲ."

ಭೀಮರಾಜು ಬಾಗಿಲ ಕಡೆ ನೋಡಿದ. ಆಗ ಮೂಲೆಯಿಂದ ಹಾರ್ಮೋನಿಯಂ ಶ್ರುತಿ ಎದ್ದಿತು.

"ಲೇ ಭೀಮ" ಎಂದರು ಮೇಷ್ಟ್ರು. "ಅವತ್ತು ನಿಂಗೊಂದು ಕಂದ ಕೊಡ್ಬೇಕಿತ್ತು ಕಣ್ಲಾ. ಕೊಡ್ಲಿಲ್ಲ, ನಂದೇ ತಪ್ಪು. ಇವಾಗ ಶ್ರುತಿ ಹಿಡಿದಿವ್ನಿ. ಹಾಡ್ಲಾ."

ಅವನು ಕೀಲಿಯನ್ನು ಜೇಬಿಗೆ ಹಾಕಿದ. ಗಂಟಲು ಸರಿಮಾಡಿಕೊಂಡ. ಹಾಡಿದ.

"ಬಾಗಿಲ ಕಾದವಗೆ ಬಾಯಿಲ್ಲವೆಂದೆಯಾ ಅರಸಾ,
ನಿಂತ ನೆಲವಿದು ನನದು, ನೀನಿಳಿದು ಬಾರಾ!"

ಅಯ್ಯೋ, ಆ ಕಂಠ! ಇಷ್ಟು ವರ್ಷ "ನಿಂತಿದೀನಿ" ಎಂದು ಗೊಣಗುತ್ತಿದ್ದ ಬಾಯೇ ಇದು? ಕೆಳಗೆ ಝೆರಾಕ್ಸ್ ಯಂತ್ರದ ಸದ್ದು ನಿಂತು, ಮೆಟ್ಟಿಲ ಮೇಲೆ ನಾಲ್ಕು ತಲೆ ಕಾಣಿಸಿಕೊಂಡವು. ವನಜಾಕ್ಷಿ ಕಲ್ಲರಸನ ದಾಳ ಹಾಕಿದಳು. ಮೂರು! ಉಸಿರು ಕಡಿಯಿತು, ಬಂಟನ ಕಟ್ಟು ಬಿಚ್ಚಿತು. ನಾನು ಕುಣಿದೆ ಎಂದು ಚೈತ್ರ ಈಗಲೂ ಆಡಿಕೊಳ್ಳುತ್ತಾಳೆ. ಕುಣಿದೆ, ಏನೀಗ?

ಮರುಗಳಿಗೆಯಲ್ಲೇ ಚೈತ್ರ ಕಲ್ಲರಸನಿಗೆ ದಿಗ್ಬಂಧನ ಹಾಕಿದಳು. ಈ ಸಲ ಸುಲಭವಿರಲಿಲ್ಲ. ಅವಳು ಉಸಿರು ಹಿಡಿದೇ ಇರಬೇಕು, ಬೇರೆ ಯಾವ ಮಂತ್ರವೂ ಇಲ್ಲ. ನನ್ನ ಬಾಣಗಳು ಅವನ ಕಲ್ಲಿನ ಮೈಗೆ ತಾಗಿ ತಾಗಿ ಬಿದ್ದವು. ಯಾರಾದರೂ ಒಳಗೆ ಹೋಗಿ ಹೊಡೆಯಲೇಬೇಕು. ಭೀಮರಾಜು ತನ್ನ ಸೋಡಾ ಮುಚ್ಚಳವನ್ನು ಎತ್ತಿ, ತಾನಾಗಿಯೇ ಕಟ್ಟಿನ ಚೌಕಗಳ ಒಳಗಿಟ್ಟ.

"ನನ್ ಕಾಲೂ ಕಟ್ಟಾಕ್ಲಿ. ಕೈ ಐತಲ್ಲ! ಅವ್ನೂ ಓಡಂಗಿಲ್ಲ, ನಾನೂ ಓಡಂಗಿಲ್ಲ."

ಐದು ವರ್ಷದಲ್ಲಿ ಅಂಥ ಕಾಳಗ ನಾನು ನೋಡಿರಲಿಲ್ಲ. ಒಂದೂವರೆ ಗಂಟೆ! ಕಲ್ಲರಸ ಗರ್ಜಿಸಿದಾಗಲೆಲ್ಲ ಚೈತ್ರ ದಾಳವನ್ನು ಹಣೆಗೊತ್ತಿಕೊಂಡು ಹಾಕುತ್ತಾಳೆ, ಹನ್ನೆರಡು, ಹದಿನೈದು, ಒಮ್ಮೆ ಕೂದಲೆಳೆಯಲ್ಲಿ ಹನ್ನೊಂದು. ಅವಳು ಹಿಡಿದಿದ್ದಕ್ಕೇ ಭೀಮರಾಜುವಿಗೆ ಹೊಡೆಯಲು ಸಾಧ್ಯವಾಯಿತು, ಅವನು ಒಳಗೆ ನಿಂತಿದ್ದಕ್ಕೇ ಅವಳ ಮಂತ್ರಕ್ಕೆ ಬೆಲೆ ಬಂತು. ವನಜಾಕ್ಷಿ ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತಿದ್ದಳು. ತನ್ನ ರಾಜ ಸೋಲುತ್ತಿದ್ದರೂ ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಕಡೆಯ ಸುತ್ತಿನಲ್ಲಿ ಭೀಮರಾಜು ಮತ್ತೆ ಆ ಪದವನ್ನೇ ಎತ್ತಿ ಹಾಡಿ, ಗದೆ ಬೀಸಿದ. ದಾಳ ಹದಿನೆಂಟು. ಕಲ್ಲರಸ ಮಂಡಿಯೂರಿದ, ಇನ್ನೊಂದೇ ಏಟು ಸಾಕು. ಮಹಡಿಯಲ್ಲಿದ್ದವರು, ಮೆಟ್ಟಿಲ ಮೇಲಿದ್ದವರು, ಎಲ್ಲರೂ ಒಟ್ಟಿಗೆ ಕೂಗಿದೆವು: "ಒನ್ಸ್ ಮೋರ್!"

ವನಜಾಕ್ಷಿ ಕೈ ಎತ್ತಿ ಸದ್ದಡಗಿಸಿದಳು. "ಕಟ್ಟಿಸ್ಕಂಡೋನ್ಗೆ ಒನ್ಸ್ ಮೋರ್ ಐತೆ. ಯಾವ್ದು ಭೀಮಣ್ಣ? ಏಟಾ, ಹಾಡಾ?"

ಏಟು ಎಂದರೆ ಮುಗಿಯಿತು, ಗೆದ್ದೆವು. ಇನ್ನೂ ಉಸಿರು ಹಿಡಿದೇ ಇದ್ದ ಚೈತ್ರ ಕಣ್ಣಲ್ಲೇ ಅಂಗಲಾಚಿದಳು. ಭೀಮರಾಜು ಅವಳನ್ನು ನೋಡಿದ, ಕಲ್ಲರಸನ ಹುಣಸೆಬೀಜವನ್ನು ನೋಡಿದ, ಆಮೇಲೆ ಮೂಲೆಗೆ ತಿರುಗಿದ.

"ಹಾಡು ಕಣಮ್ಮ. ಅವ್ನು ಎಲ್ಲೋಯ್ತಾನೆ? ಕಾಲು ಕಟ್ಟೈತಲ್ಲ."

ಮೇಷ್ಟ್ರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, ಮತ್ತೆ ಶ್ರುತಿ ಹಿಡಿದರು.