ಬೇರೆ ಇಟ್ಟ ಗಂಗಾಳ

ಬಿಟಿಎಂ ಲೇಔಟಿನಲ್ಲಿ ಜೋಳದ ರೊಟ್ಟಿಯೆಂದರೆ ದಾನಮ್ಮನ ಖಾನಾವಳಿ. ಊರು ಬಿಟ್ಟು ಬಂದ ಹುಡುಗರಿಗೆಲ್ಲ ಗದರಿಸಿ ಗದರಿಸಿ ಉಣ್ಣಿಸಿದ ಕೈ ಅದು. ಅಂಥವಳು ಮನೆಯಲ್ಲಿ ತನ್ನ ಊಟದ ಗಂಗಾಳವನ್ನು ಮಾತ್ರ ಬೇರೆ ಗೂಡಿನಲ್ಲಿ ಇಟ್ಟಿದ್ದಳು.

ಕಾರಣ ಹೆಪಟೈಟಿಸ್ ಬಿ. ಪಿತ್ತಕೋಶದ ಕಲ್ಲು ತೆಗೆಸಲು ಹೋದಾಗ ರಕ್ತ ಪರೀಕ್ಷೆಯಲ್ಲಿ ಸಿಕ್ಕಿತ್ತು. "ಇದು ರಕ್ತದಿಂದ ಹರಡುತ್ತೆ ಅಮ್ಮ, ತಟ್ಟೆಯಿಂದ ಅಲ್ಲ. ಗಾಯ ಆದ್ರೆ ಪಟ್ಟಿ ಕಟ್ಟಿ, ಆಗಾಗ ಬಂದು ತೋರಿಸಿ, ಮನೆಯವರಿಗೆ ಲಸಿಕೆ ಹಾಕಿಸಿ" ಎಂದಿದ್ದರು ಡಾಕ್ಟರಮ್ಮ. ದಾನಮ್ಮ ಎಲ್ಲ ಮಾಡಿದಳು. ಮಗಳು ಶ್ವೇತಾಳಿಗೆ ಲಸಿಕೆಯೂ ಆಯಿತು. ಗಂಗಾಳ ಮಾತ್ರ ಗೂಡಿನಿಂದ ಇಳಿಯಲಿಲ್ಲ. ಊರಲ್ಲಿ ಕಾಮಾಲೆಯಾದವರನ್ನು ಮೂಲೆಗೆ ಕೂಡಿಸುತ್ತಿದ್ದುದನ್ನು ನೋಡಿ ಬೆಳೆದವಳು.

ಶ್ವೇತಾಳ ಮದುವೆ ಜಯನಗರದಲ್ಲಿ ನಡೆಯಿತು. ಅಕ್ಷತೆ ಮುಗಿದು ಭೂಮದ ಊಟ ಬಂತು. ಮದುಮಕ್ಕಳು, ಎರಡೂ ಕಡೆಯ ಬೀಗರು ಒಂದೇ ದೊಡ್ಡ ಪರಾತದಲ್ಲಿ ಕೈ ಹಾಕಿ ಮಾದೇಲಿಯ ಸಿಹಿ ಉಣ್ಣಬೇಕು. ಹೆತ್ತವಳು ಉಣ್ಣದಿದ್ದರೆ ಶಾಸ್ತ್ರ ಅರ್ಧ. ದಾನಮ್ಮ ಮೆಲ್ಲಗೆ ಕಂಬದ ಮರೆಗೆ ಸರಿದಳು.

"ಬರ್ರಿ ಬೀಗತೆವ್ವ, ಮಾದೇಲಿ ಆರತೈತಿ" ಎಂದು ಕರೆದಳು ಹುಡುಗನ ತಾಯಿ ಜಯದೇವಿ.

"ನಂದು ಉಪವಾಸ ಐತ್ರಿ."

"ಮಗಳ ಮದುವಿ ದಿನ ಯಾವ ದೇವರರೀ ಉಪವಾಸ ಕೇಳೂದು?"

ಜನ ನಕ್ಕರು. ದಾನಮ್ಮನಿಗೆ ಮುಚ್ಚಿಟ್ಟು ಸಾಕಾಗಿತ್ತು. "ನನ್ನ ರಕ್ತದಾಗ ಹೆಪಟೈಟಿಸ್ ಐತ್ರಿ" ಎಂದಳು, ಎಲ್ಲರಿಗೂ ಕೇಳುವಂತೆ.

ಹುಡುಗನ ದೊಡ್ಡಪ್ಪ ಗೂಳಪ್ಪ ಪರಾತದಿಂದ ಕೈ ಹಿಂದಕ್ಕೆಳೆದ.

"ಭಾವಾರ, ತಂಬಾಕದ ಬಾಯಿ ತಗೊಂಡು ನೀವು ಕುಂತೀರಿ, ಯಾರರ ಎದ್ದರೇನು?" ಎಂದಳು ಜಯದೇವಿ. "ಶ್ವೇತಾ ನಮಗ ಮೊದಲ ಹೇಳ್ಯಾಳ. ಡಾಕ್ಟರನ್ನೂ ಕೇಳೇವಿ, ಹುಡುಗ ಸೂಜಿನೂ ಚುಚ್ಚಿಸ್ಕೊಂಡಾನ. ಕೂಡಿ ಉಂಡ್ರ ಬರೂದಲ್ಲ ಇದು. ಬಾರವ್ವ, ಕುಂದ್ರು."

ದಾನಮ್ಮ ಕುಳಿತಳು. ಮಗಳ ಬಾಯಿಗೆ ತುತ್ತಿಟ್ಟಳು, ಮಗಳ ತುತ್ತು ತಾನು ತಿಂದಳು. ಕಣ್ಣೀರು ಬಂತು, ಮಾದೇಲಿಯ ತುಪ್ಪ ಮೊಣಕೈವರೆಗೆ ಇಳಿಯಿತು, ಯಾವುದನ್ನೂ ಒರೆಸಿಕೊಳ್ಳಲಿಲ್ಲ. "ಹಂಗಾರ ನನಗೂ ಒಂದ್ ಸೂಜಿ ಹಾಕಸ್ರಿ" ಎನ್ನುತ್ತ ಗೂಳಪ್ಪನೂ ಕೈ ಹಾಕಿದ.

ಈಗ ಖಾನಾವಳಿಯಲ್ಲಿ ರೊಟ್ಟಿಗಿಂತ ಮೊದಲು ದಾನಮ್ಮನ ಪ್ರಶ್ನೆ ಬರುತ್ತದೆ. "ಡೆಂಗಿಗೆ ಗಲ್ಲಿಗೊಂದು ಬ್ಯಾನರ್ ಕಟ್ಟತಾರ, ಈ ಹೆಪಟೈಟಿಸ್ಸಿಗೆ ಕಟ್ಟವರ ಇಲ್ಲ. ರಕ್ತ ತೋರಿಸಿಯೇನು ತಮ್ಮಾ?"

"ಆಂಟಿ, ಮೊದ್ಲು ರೊಟ್ಟಿ ಕೊಡಿ, ಆಮೇಲೆ ರಕ್ತ ತಗೊಳಿ" ಎಂದ ಮೊನ್ನೆ ಚೈತನ್ಯ ಎಂಬ ಗಿರಾಕಿ.

ದಾನಮ್ಮ ನಕ್ಕು, ಮನೆಯ ಗೂಡಿನಿಂದಿಳಿದು ಬಂದ ಆ ಹಳೆಯ ಗಂಗಾಳದಲ್ಲೇ ಅವನಿಗೆ ಬಡಿಸಿದಳು.