ಸುಳ್ಳು ಹೇಳಿ ರೈಲು ಹತ್ತಿಸಿದರು

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಎರಡು-ಮೂರು ವರ್ಷಗಳಾಗಿದ್ದವು. ಸೇಡಂನ ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು. ಉರ್ದುವಿನಲ್ಲೇ ಓದಿ ಮಾಸ್ತರನಾಗಿದ್ದ ನಾನು ಲೆಕ್ಕವನ್ನು ಕನ್ನಡದಲ್ಲಿ ಕಲಿಸಬೇಕಾಯಿತು. ಮೊದಲು ಹೆದರಿದೆ. ಆಮೇಲೆ ಅದೇ ಹುಮ್ಮಸ್ಸಾಗಿ ತಲೆಗೇರಿತು. ನಿದ್ದೆ ಬಿಟ್ಟೆ, ಊಟ ಬಿಟ್ಟೆ. ಸುಣ್ಣದ ಡಬ್ಬಿ ಹಿಡಿದು ಊರವರ ಗೋಡೆಗಳ ಮೇಲೆಲ್ಲ ಮಗ್ಗಿ ಬರೆದೆ. ಸಂಜೆಯಾದರೂ ಹುಡುಗರನ್ನು ಮನೆಗೆ ಬಿಡಲಿಲ್ಲ. ಮಗನನ್ನು ಕರೆದೊಯ್ಯಲು ಬಂದ ತಂದೆಯೊಬ್ಬನನ್ನು ದೂಡಿದೆ. ಬಿದ್ದು ಅವನ ಕೈ ಮುರಿಯಿತು. ನನಗಂತೂ ಲೋಕ ಅಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಕರಿ ಕೋಟು ಝಾಡಿಸಿ ಕೊಟ್ಟಳು. "ಹೈದರಾಬಾದಿಗಿ ಕರದಾರಂತ್ರಿ. ದೊಡ್ಡ ಸಾಹೇಬ್ರು ನಿಮ್ಮ ಪಾಠ ಕೇಳ್ತಾರಂತ." ಅವಳ ಅಣ್ಣ ಜೊತೆಗೆ ಬಂದ. ರೈಲು ತಾಂಡೂರು ದಾಟಿದರೂ ನಾನು ಭಾಷಣ ಬರೆಯುತ್ತಲೇ ಇದ್ದೆ.

ಎತ್ತರದ ಗೇಟಿನ ಒಳಗೆ ಒಂದೇ ಬಣ್ಣದ ಬಟ್ಟೆ ತೊಟ್ಟು ಕೂತವರನ್ನು ಕಂಡಾಗ ಅದು ಹುಚ್ಚಾಸ್ಪತ್ರೆ ಎಂದು ತಿಳಿಯಿತು. ಓಡಿದೆ. ಇಬ್ಬರು ಹಿಡಿದರು. ಹೆಂಡತಿಯ ಅಣ್ಣ ನನ್ನ ಮುಖ ನೋಡದೆ ಕಾಗದಕ್ಕೆ ಸಹಿ ಹಾಕಿದ. ಬೀಗ ಬಿದ್ದ ಮೇಲೆ ನನ್ನ ಸಿಟ್ಟೆಲ್ಲ ಹೆಂಡತಿಯ ಮೇಲೆ ತಿರುಗಿತು.

ವಾರ್ಡಿನಲ್ಲಿ ಒಬ್ಬ ಮುದುಕ ಕಾವಲುಗಾರನಿದ್ದ. ನಾನು ಬೈದರೂ ಉರ್ದುವಿನಲ್ಲಿ ಸಮಾಧಾನದಿಂದ ಹೇಳುತ್ತಿದ್ದ, "ಮಾಸ್ತರ್ ಸಾಬ್, ಈಗ ಬೀಗ ಹಾಕುತ್ತೇನೆ. ಚಹಾದ ಹೊತ್ತಿಗೆ ತೆಗೆಯುತ್ತೇನೆ." ಹೇಳಿದ ಹೊತ್ತಿಗೆ ತೆಗೆಯುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ಅವನನ್ನು ನಂಬಿ ಔಷಧ ನುಂಗಿದೆ. ನಿದ್ದೆ ಬಂತು. ನಿದ್ದೆಯ ಹಿಂದೆ ನಾಚಿಕೆಯೂ ಬಂತು.

ಎಲ್ಲರಿಗೂ ನನ್ನ ಹಾಗೆ ಅನಿಸಿತೆನ್ನಲಾರೆ. ಪಕ್ಕದ ಮಂಚದಲ್ಲಿ ಚಿಂಚೋಳಿ ಕಡೆಯ ಒಬ್ಬ ರೈತನಿದ್ದ. "ತಮ್ಮಗೋಳು ಕಟ್ಟಿ ತಂದಾರ್ರಿ. ಆರಾಮಾದ್ರೂ ಅವರ ಮನ್ಯಾಗ ನೀರ್ ಕುಡಿಯಂಗಿಲ್ಲ" ಎನ್ನುತ್ತಿದ್ದ. ಅವನ ಮಾತು ತಪ್ಪೆಂದು ನನಗೆ ಅನಿಸಲಿಲ್ಲ.

ಮೂರು ತಿಂಗಳಿಗೆ ಊರಿಗೆ ಬಂದವನು ಮೊದಲು ಕೈ ಮುರಿದುಕೊಂಡವನ ಮನೆಗೆ ಹೋದೆ. ಅವನು ಕುಂದ್ರಿಸಿ ಚಹಾ ಕೊಟ್ಟ. ಆಮೇಲೆ ನಮ್ಮ ಮನೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

"ಸುಳ್ಳ ಯಾಕ ಹೇಳ್ದಿ?"

"ಖರೇ ಹೇಳಿದ್ರ ಬರ್ತಿದ್ರೇನ್ರಿ?"

"ಬರ್ತಿದ್ದಿಲ್ಲ."

"ಮತ್ತ ನಾ ಏನ್ ಮಾಡ್ಬೇಕಿತ್ತು? ನನ್ನ ಕಣ್ಣ ಮುಂದ ಸಾಯ್ಲಿಕತ್ತಿದ್ರಿ."

ನಾನು ಒಲೆಯ ಹತ್ತಿರ ಕೂತೆ. ಹೇಳಿದೆ, "ಇನ್ನೊಮ್ಮೆ ಹಿಂಗಾದ್ರ, ನಾ ಒಲ್ಲೆ ಅಂದ್ರೂ ಒಯ್ಯಿ. ಆದ್ರ ಹೇಳಿ ಒಯ್ಯಿ."

ಎರಡು ವರ್ಷದ ಮೇಲೆ ಮತ್ತೆ ಹಾಗಾಯಿತು. ಅವಳು ಎದುರಿಗೆ ಕೂತು ಹೇಳಿದಳು, "ಮೂರು ದಿನ ಆಯ್ತು, ನೀವು ಮಲಗಿಲ್ಲ. ದವಾಖಾನಿಗಿ ಹೋಗೂಣ್ರಿ." ಭಾಳ ಕೂಗಾಡಿದೆ. ಅವಳು ಕೂತಲ್ಲಿಂದ ಏಳಲಿಲ್ಲ, ಮಾತನ್ನೂ ಬದಲಿಸಲಿಲ್ಲ. ಕೊನೆಗೆ ನಾನೇ ಚಪ್ಪಲಿ ಮೆಟ್ಟಿದೆ.

ರೈಲು ಹೊರಟ ಸ್ವಲ್ಪ ಹೊತ್ತಿಗೆ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಆ ಮೂರು ದಿನ ಅವಳೂ ಕಣ್ಣು ಮುಚ್ಚಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವಳಿಗೆ ಎಚ್ಚರವಾದೀತೆಂದು ಹೈದರಾಬಾದ್ ಬರುವವರೆಗೂ ಅಲುಗಾಡದೆ ಕೂತೆ.