ಮಿಲ್ಲಿಂಗ್ ಮಶಿನ್ನಿಗೆ ಟಾಕಿ

ನನಗೆ ತಿಕ್ಕುವ ಚಾಳಿಯಿದೆ. ಮಂಕಾದ ಲೋಹ ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಯಾರದೋ ಮನೆಯ ಪೂಜೆಗೆ ಹೋದರೂ ತೀರ್ಥ ಕೊಡುವ ಸೌಟಿನ ಹಿಂಬದಿಯ ಕಲೆಯೇ ಮೊದಲು ಕಾಣುತ್ತದೆ. ಇದಕ್ಕೆ ಕಾರಣ ನನ್ನ ವಿದ್ಯಾಭ್ಯಾಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವನನ್ನು ಮಾಟುಂಗದ ಒಂದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯಲು ಕೂರಿಸಿದರು. ಅಲ್ಲಿಯ ಅಡುಗೆ ಭಟ್ಟರು ತೊಳೆದ ತಟ್ಟೆಯನ್ನು ಬೆಳಕಿಗೆ ಹಿಡಿದು, “ಮುಖ ಕಾಣುವುದಿಲ್ಲ ಮಾರಾಯ, ಪುನಃ ತೊಳೆ” ಎನ್ನುತ್ತಿದ್ದರು. ಮುಖ ಕಂಡರೆ ಪಾಸು, ಕಾಣದಿದ್ದರೆ ಫೇಲು. ಆ ಪರೀಕ್ಷೆಯಲ್ಲಿ ನಾನು ಬೇಗನೆ ಪಾಸಾದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಹೋಟೆಲು ಬಿಟ್ಟು ಕಾಂದಿವಲಿಯ ವರ್ಕ್‌ಶಾಪ್ ಸೇರಿ ಮಿಲ್ಲಿಂಗ್ ಮಶಿನ್ ಕಲಿತೆ. ಆ ಮಶಿನ್ ನೋಡದವರಿಗೆ ಹೇಳುವುದಾದರೆ, ಅದು ಕಬ್ಬಿಣಕ್ಕಾಗಿ ಮಾಡಿದ ತುರಿಮಣೆ. ತುರಿಮಣೆಯಲ್ಲಿ ಹಲ್ಲು ನಿಂತಿರುತ್ತದೆ, ಕಾಯಿ ತಿರುಗುತ್ತದೆ. ಇಲ್ಲಿ ಕಬ್ಬಿಣದ ತುಂಡನ್ನು ಮೇಜಿಗೆ ಬಿಗಿದಿರುತ್ತೇವೆ, ಮೇಲೆ ಹಲ್ಲು ತಿರುಗುತ್ತದೆ. ಹಿಡಿಕೆ ತಿರುಗಿಸುತ್ತ ಮೇಜನ್ನು ನಿಧಾನ ಸರಿಸಿದರೆ ಬೇಡದ್ದೆಲ್ಲ ತುರಿಯಾಗಿ ಉದುರುತ್ತದೆ. ಅರ್ಧ ಆಯುಷ್ಯ ಆ ಹಿಡಿಕೆ ತಿರುಗಿಸಿದೆ. ಒಂದು ದಿನ ಸೇಠ್ ವರ್ಕ್‌ಶಾಪನ್ನೇ ಗುಜರಾತಿನ ಕಡೆಗೆ ಕಟ್ಟಿಕೊಂಡು ಹೋದ. ನನ್ನನ್ನೂ ಕರೆದ. ನಾನು ಹೋಗಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಗೇಟಿನ ಮುಂದೆ ನಿಂತು ಕೆಲಸ ಕೇಳುವುದೂ ಬೇಡವೆನಿಸಿತು. ನನ್ನದೇ ಒಂದು ಮಶಿನ್, ನನ್ನದೇ ಮನೆ, ನಾನೇ ಸೇಠ್. ಹಾಗೆಂದುಕೊಂಡು ಒಂದು ಹಳೆಯ ಮಿಲ್ಲಿಂಗ್ ಮಶಿನ್ ಕೊಂಡೆ.

ಮನೆ ಎಂದರೆ ಸಯನ್ನಿನ ಒಂದು ಚಾಳಿನಲ್ಲಿ, ವಠಾರದಂಥ ಹಳೆಯ ಕಟ್ಟಡದಲ್ಲಿ, ನೆಲಮಟ್ಟದ ಖೋಲಿ. ಮುಂದೊಂದು ಕೋಣೆ, ಹಿಂದೆ ಅಡುಗೆ. ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಸುಮತಿಯ ಗ್ರೈಂಡರ್ ಇತ್ತು. ಅವಳು ದೋಸೆ ಹಿಟ್ಟು ಅರೆದು ಸುತ್ತಲಿನ ಬಿಲ್ಡಿಂಗುಗಳಿಗೆ ಮಾರುತ್ತಾಳೆ. ಮಶಿನ್ ಬರಬೇಕೆಂದರೆ ಗ್ರೈಂಡರ್ ಹೋಗಬೇಕು. ಅದು ಅಡುಗೆಮನೆಯ ಮೋರಿಯ ಪಕ್ಕಕ್ಕೆ ಹೋಯಿತು. ಅಲ್ಲಿ ಹಿಟ್ಟು ತೆಗೆಯಲು ಬಗ್ಗಿದರೆ ಅವಳ ಮೊಣಕೈ ಪ್ರತಿ ಸಲವೂ ಗೋಡೆಗೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ನನ್ನನ್ನೊಮ್ಮೆ ನೋಡುತ್ತಿದ್ದಳು.

“ಚೌತಿಯವರೆಗೆ ನೋಡ್ತೇನೆ. ಅಷ್ಟರೊಳಗೆ ಇದು ಕೆಲಸ ಮಾಡಿದ್ರೆ ಸರಿ. ಇಲ್ಲದಿದ್ರೆ ಗುಜರಿಗೆ ಹಾಕ್ಲಿಕ್ಕೆ ಭಂಗಾರದವನನ್ನು ನಾನೇ ಕರಿತೇನೆ, ನೀವು ಎಂತದೂ ಮಾತಾಡ್ಲಿಕ್ಕಿಲ್ಲ” ಎಂದಳು. ನಾನು ಒಪ್ಪಿದೆ. ಅರ್ಧ ಆಯುಷ್ಯದ ಅನುಭವವಿರುವವನಿಗೆ ಚೌತಿ ತುಂಬಾ ದೂರವಿದೆ ಎನಿಸಿತು.

ಕೂರಿಸುವ ಕೆಲಸ ಚೆನ್ನಾಗಿಯೇ ಆಯಿತು. ಟೈಲ್ಸ್ ಒಡೆದು ಸಿಮೆಂಟ್ ಹಾಕಿದೆ. ಮಟ್ಟ ನೋಡುವ ಗಾಜಿನಲ್ಲಿ ಗುಳ್ಳೆ ನಡುವಿಗೆ ಬಂದರೂ ನನಗೆ ನಂಬಿಕೆಯಾಗಲಿಲ್ಲ. ಮೇಜಿನ ನಡುವೆ ಎಣ್ಣೆ ಹನಿಸಿ, ಅದು ಯಾವ ಕಡೆ ಓಡುತ್ತದೆಂದು ನೋಡಿದೆ. ಹೋಟೆಲಿನಲ್ಲಿ ದೋಸೆ ಕಾವಲಿ ಕೂರಿಸುವುದು ಹೀಗೆಯೇ. ಎಣ್ಣೆ ಎಲ್ಲೂ ಓಡದೆ ಗುಂಡಗೆ ನಿಂತಾಗ ನನ್ನ ಎದೆ ಒಂದು ಅಂಗುಲ ಉಬ್ಬಿತು.

ಆಮೇಲೆ ಮೇಜನ್ನು ಕಳಚಿ ಮಗ್ಗುಲಿಗಿಟ್ಟೆ. ಅದು ಜಾರುವ ಹಾದಿಯನ್ನು ನಾನು ಅದುವರೆಗೆ ಕಂಡವನಲ್ಲ. ವರ್ಕ್‌ಶಾಪಿನಲ್ಲಿ ಮಶಿನ್ ಓಡಿಸುವುದು ನನ್ನ ಕೆಲಸ, ಬಿಚ್ಚುವುದು ಫಿಟ್ಟರ್ ಮೆಹಬೂಬನ ಕೆಲಸವಾಗಿತ್ತು. ವಿಜಯಪುರದ ಕಡೆಯ ಆ ನನ್ನ ಗೆಳೆಯ, “ಬರ್ಲೇನು?” ಎಂದು ಫೋನಿನಲ್ಲಿ ಕೇಳಿದ್ದ. “ಇದಕ್ಕೆಲ್ಲ ನೀನು ಯಾಕೆ?” ಎಂದು ನಾನು ದೊಡ್ಡ ಸೇಠನ ಹಾಗೆ ಹೇಳಿಬಿಟ್ಟಿದ್ದೆ.

ಹಾದಿಯ ತುಂಬ ಅರ್ಧಚಂದ್ರದಂಥ ಸಣ್ಣ ಗೀರುಗಳು, ಯಾರೋ ಉಗುರಿನಿಂದ ಪರಚಿದ ಹಾಗೆ. ‘ಯಾವ ಪುಣ್ಯಾತ್ಮ ಹೀಗೆ ಹಾಳು ಮಾಡಿದನೋ’ ಎಂದು ಮರುಗಿ, ಪಾಲಿಶ್ ಕಾಗದ ತೆಗೆದುಕೊಂಡು ಕುಳಿತೆ. ಮೇಜಿನ ತಳವನ್ನೂ ಬಿಡಲಿಲ್ಲ. ದಿನಗಟ್ಟಲೆ ತಿಕ್ಕಿದೆ. ಕೊನೆಗೆ ಬಗ್ಗಿ ನೋಡಿದೆ: ನನ್ನ ಮೀಸೆ ಸ್ಪಷ್ಟವಾಗಿ ಕಾಣಿಸಿತು. ಭಟ್ಟರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಎಣ್ಣೆ ಹಚ್ಚಿ ಮೇಜನ್ನು ಮರಳಿ ಕೂರಿಸಿ ಹಿಡಿಕೆ ತಿರುಗಿಸಿದೆ. ಮೇಜು ಕದಲಲಿಲ್ಲ. ಬಲ ಹಾಕಿದೆ. ಗಕ್ಕನೆ ಒಂದು ನೆಗೆತ ನೆಗೆದು ಮತ್ತೆ ನಿಂತಿತು. ಸಂಜೆಯ ವಿರಾರ್ ಲೋಕಲ್ ರೈಲಿನ ಬಾಗಿಲಲ್ಲಿ ಸಿಕ್ಕಿಕೊಂಡವನು ಇಳಿಯುವ ರೀತಿಯದು. ಹೀಗೆ ನೆಗೆಯುವ ಮೇಜಿನ ಮೇಲೆ ಕಬ್ಬಿಣ ಕೊರೆದರೆ ಹಲ್ಲೂ ಮುರಿಯುತ್ತದೆ, ಕೆಲಸವೂ ಕೆಡುತ್ತದೆ. ಅಡುಗೆಮನೆಯಿಂದ ಮೊಣಕೈ ಗೋಡೆಗೆ ಬಡಿದ ಸದ್ದು ಬಂತು. ಚೌತಿ ಈಗ ಅಷ್ಟು ದೂರವಿರಲಿಲ್ಲ. ಗಲ್ಲಿಯ ಬಾಯಲ್ಲಿ ಮಂಟಪದ ಬಿದಿರು ಬಂದು ಬಿದ್ದಿತ್ತು.

ಮೆಹಬೂಬನಿಗೆ ಫೋನ್ ಮಾಡಿದೆ. “ಸುಮ್ಮನೆ ಚಾ ಕುಡಿಲಿಕ್ಕೆ ಬಾ ಮಾರಾಯ” ಎಂದೆ.

“ಮಶಿನ್ ನಿಂತೈತಿ ಅನ್ನು. ಬರ್ತೀನಿ” ಎಂದ.

ಬಂದವನು ಮೇಜು ಎತ್ತಿಸಿ ಹಾದಿಯ ಮೇಲೆ ಬೆರಳಾಡಿಸಿದ. ಅವನ ಮುಖ ನೋಡಿದರೆ ಸತ್ತವರ ಮನೆಗೆ ಬಂದವನಂತಿದ್ದ.

“ಯಾಂವಲೇ ಇದನ್ನ ಬೋಳಿಸಿದಾಂವ?”

“ಗೀರು ಬಿದ್ದಿತ್ತು, ಸ್ವಲ್ಪ ತಿಕ್ಕಿದೆ.”

“ಗೀರಲ್ಲೋ ಶೆಟ್ಟಿ, ಅದು ಎಣ್ಣಿ ಕುಂಡ್ರೋ ಜಾಗಾ! ಕೈಲೆ ಕೆರದು ಮಾಡಿದ್ದು. ನೀ ಎಣ್ಣಿಗೆ ನಿಲ್ಲಾಕ ನೆಲಿನ ಇಲ್ಲದಂಗ ಮಾಡೀದಿ. ಎರಡೂ ಕಡೆ ನುಣ್ಣಗಾದ್ರ ಒಂದಕ್ಕೊಂದು ಅಂಟಿಕೊಂಡು ಕುಂಡ್ರತಾವು, ಸರಿಯೂದಿಲ್ಲ. ಮಶಿನ್ ಅಂದ್ರ ಹೋಟೆಲ್ ತಾಟು ಅಂತ ತಿಳದೇನು?”

ಬಾಗಿಲಲ್ಲಿ ಹಿಟ್ಟಿನ ಕೈ ಒರೆಸುತ್ತ ನಿಂತಿದ್ದ ಸುಮತಿ ಇಷ್ಟನ್ನೂ ಕೇಳಿ, “ಅಂದ್ರೆ ಟಾಕಿ ಹಾಕಿಸ್ಬೇಕು ಅಂತ ಹೇಳಿ ಭಾಯಿ” ಎಂದಳು.

ಮುಂಬಯಿಯ ಗಲ್ಲಿಗಳಲ್ಲಿ “ಟಾಕೀಏ” ಎಂದು ಕೂಗುತ್ತ ಬರುವ ಹೆಂಗಸರನ್ನು ನೀವೂ ಕಂಡಿರಬಹುದು. ಅರೆದು ಅರೆದು ನುಣುಪಾದ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದುಕೊಡುತ್ತಾರೆ. ಕಲ್ಲು ನುಣುಪಾದರೆ ಅಕ್ಕಿ ಜಾರುತ್ತದೆ, ಅರೆಯುವುದಿಲ್ಲ. ಸುಮತಿಯ ಗ್ರೈಂಡರ್ ಕಲ್ಲಿಗೂ ನಮ್ಮ ಹೊಸ್ತಿಲಲ್ಲೇ ಎಷ್ಟೋ ಸಲ ಟಾಕಿ ಬಿದ್ದಿದೆ. ನಾನು ಪಕ್ಕದಲ್ಲೇ ಕುಳಿತು ಚಾ ಕುಡಿಯುತ್ತ ನೋಡಿದ್ದೇನೆ, ನೋಡಿದ್ದೇನೆ ಅಷ್ಟೇ.

ಮೆಹಬೂಬ ನಕ್ಕ. “ಹೌದು ಭಾಭಿ, ನಾನೂ ಟಾಕಿಯಾಂವನ. ಲೋಖಂಡದ ಟಾಕಿ, ಕಬ್ಬಿಣಕ್ಕ ಹಾಕೂದು.”

ಕೆರೆಯುವ ಉಳಿ, ಒಂದು ಸಪಾಟಾದ ಕಬ್ಬಿಣದ ಪಟ್ಟಿ, ಒಂದು ಡಬ್ಬಿ ನೀಲಿ ಬಣ್ಣ ತಂದ. ಪಟ್ಟಿಗೆ ನೀಲಿ ಸವರಿ ಹಾದಿಯ ಮೇಲೆ ಎಳೆದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ನೀಲಿ ಹತ್ತುತ್ತದೆ. ಅಷ್ಟನ್ನೇ ಕೆರೆಯಬೇಕು, ಮತ್ತೆ ಎಳೆಯಬೇಕು, ಮತ್ತೆ ಕೆರೆಯಬೇಕು. ಮೊದಲ ಸಲ ನೀಲಿ ಎರಡು ಮೂಲೆಗೆ ಮಾತ್ರ ಹತ್ತಿತು. ನನ್ನ ಕನ್ನಡಿ ಕನ್ನಡಿಯೇನೋ ಹೌದು, ಆದರೆ ನಡುವೆ ಗುಂಡಿ ಬಿದ್ದಿತ್ತು! ಮೆಹಬೂಬ ಒಂದು ಬದಿ ಮಾಡಿ ತೋರಿಸಿ, ಉಳಿಯನ್ನು ನನ್ನ ಕೈಗೆ ಕೊಟ್ಟು, “ಬೋಳಿಸಿದಾಂವ ನೀ, ಬೆಳೆಸಾಂವನೂ ನೀನ” ಎಂದು ಚಾ ಕುಡಿಯುತ್ತ ಕುಳಿತ. ಇದು ತಿಕ್ಕಿದಂತಲ್ಲ. ತಿಕ್ಕುವಾಗ ಕೈಗೆ ಬಲವಿದ್ದರೆ ಸಾಕು. ಇಲ್ಲಿ ಪ್ರತಿ ಗೀರಿಗೂ ನಿಂತು ನೋಡಬೇಕು. ದಿನಗಳು ಹೋದಂತೆ ನೀಲಿ ಹರಡಿತು. ಕೊನೆಗೆ ಒಳ್ಳೆಯ ಹಿಟ್ಟಿನ ದೋಸೆಯ ಮೇಲೆ ತೂತು ಬಿದ್ದ ಹಾಗೆ ಹಾದಿಯ ತುಂಬ ಚುಕ್ಕಿ ಎದ್ದಿತು. ಅದರ ಮೇಲೆ ಅರ್ಧಚಂದ್ರಗಳನ್ನು ಮೆಹಬೂಬನೇ ಹಾಕಿದ.

ಕೆರೆಯುತ್ತ ಕುಳಿತಾಗ ಯೋಚನೆ ಎಲ್ಲೆಲ್ಲೋ ಹೋಗುತ್ತದೆ. ಸ್ಟೇಷನ್ನಿನ ಮೆಟ್ಟಿಲಿಗೆ ಗೆರೆ ಹೊಡೆದಿರುವುದು ಯಾಕೆಂದು ಮಳೆಗಾಲದಲ್ಲಿ ಜಾರಿದವನಿಗೆ ಗೊತ್ತು. ನಮ್ಮ ಚಾಳು ಕೆಡವಿ ಟವರ್ ಕಟ್ಟುತ್ತೇವೆಂದು ಬರುವ ಏಜೆಂಟನ ಮಾತಿನಲ್ಲಿ ಒಂದು ಗೀರೂ ಇಲ್ಲ. ಅದಕ್ಕೇ ಇರಬೇಕು, ಅವನ ಮಾತು ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ನಾನೂ ಅಷ್ಟೇ: ಎಲ್ಲ ಗೊತ್ತು ಎಂದು ಹೊಳೆಯುತ್ತಿದ್ದೆ, ಹೊರಗಿನ ಒಂದು ಮಾತಿಗೂ ಕುಳಿತುಕೊಳ್ಳಲು ಜಾಗವಿರಲಿಲ್ಲ.

ಚೌತಿಯ ಹಿಂದಿನ ದಿನ ಮಶಿನ್ ಓಡಿತು. ಗ್ರೈಂಡರಿನ ಚಕ್ರ ಸಡಿಲಾಗಿ ಕಟಕಟ ಎನ್ನುತ್ತಿತ್ತು. ಅದಕ್ಕೆ ಬೇಕಾದ ಉಕ್ಕಿನ ಸಣ್ಣ ಬೆಣೆಯೇ ನನ್ನ ಮೊದಲ ಕೆಲಸ. ತುರಿ ಉದುರಿತು, ಮೇಜು ಹಬೆಯಲ್ಲಿ ಬೆಂದ ಇಡ್ಲಿ ತಟ್ಟೆಯಿಂದ ಬಿಡುವ ಹಾಗೆ ಸರಾಗ ಸರಿಯಿತು. ಸುಮತಿ ಬೆಣೆಯನ್ನು ಬೆರಳಿನಿಂದ ಸವರಿ, “ಚೂರು ದೊರಗು ಉಂಟಲ್ಲ?” ಎಂದಳು. ನನ್ನ ಕೈ ತಾನಾಗಿ ಪಾಲಿಶ್ ಕಾಗದ ಹುಡುಕಿತು. “ಅದನ್ನು ಮೆಹಬೂಬ್ ಭಾಯಿ ತಗೊಂಡು ಹೋದ್ರು. ನಾನೇ ಕೊಟ್ಟದ್ದು.”

ಈಗ ಭಂಗಾರದವನ ಮಾತಿಲ್ಲ. ಮಶಿನ್ನನ್ನು ಸಿಮೆಂಟಿನಿಂದ ಕಿತ್ತು, ಒಂದು ಮೊಳ ಗೋಡೆಗೆ ಒತ್ತಿ ಮತ್ತೆ ಮಟ್ಟ ನೋಡಿ ಕೂರಿಸಿ, ಗ್ರೈಂಡರನ್ನೂ ಮುಂದಿನ ಕೋಣೆಗೇ ತಂದಿದ್ದೇವೆ. ಎರಡೂ ಒಟ್ಟಿಗೆ ಓಡಿದರೆ ಫ್ಯೂಸ್ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಅವಳದು, ಆಮೇಲೆ ನನ್ನದು. ಮೊನ್ನೆ ಕಾಂದಿವಲಿಯ ಹಳೆಯ ಗಿರಾಕಿಯೊಬ್ಬ ಒಂದು ಚೀಲ ಕೆಲಸ ತಂದಿಟ್ಟು ಹೋಗಿದ್ದಾನೆ.

ಇವತ್ತು ಗಲ್ಲಿಯಲ್ಲಿ ಟಾಕಿಯವಳ ಕೂಗು ಕೇಳಿತು. ಸುಮತಿ ಕಲ್ಲು ಹೊರಗಿಟ್ಟು, “ನಿಮ್ಮದೆಂತಾದ್ರೂ ಉಂಟಾ?” ಎಂದು ಕೇಳಿದಳು.

“ನನಗೆ ಮೆಹಬೂಬ ಆಗಲೇ ಹಾಕಿ ಹೋಗಿದ್ದಾನೆ” ಎಂದೆ, ಹಿಡಿಕೆ ತಿರುಗಿಸುತ್ತ.